ಸ್ವಲ್ಪ ತಡೀರಿ, ಅವಳೇ ಹೇಳ್ತಾಳೆ

ಹೋದ ಜನವರಿಯ ಒಂದು ಶುಕ್ರವಾರ ಮಡಿಕೇರಿ ಸಂತೆಗೆ ಹೋಗಿದ್ದೆ. ಜೊತೆಗೆ ನಮ್ಮ ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿ, ಇದ್ದ ಅಸ್ಸಾಮಿನ ಹುಡುಗಿ. ಹುಡುಗಿ ಅಂದರೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಗಂಡನ ಜೊತೆ ಕಾಫಿ ಕುಯ್ಯಲು ಬಂದವಳು. ಬಸ್ಸಿನಲ್ಲಿ ಚೆಟ್ಟಳ್ಳಿಯಿಂದ ಮಡಿಕೇರಿವರೆಗೆ ಒಂದೇ ಮಾತನ್ನು ಬಾಯೊಳಗೆ ಹೇಳಿಕೊಂಡು ಬಂದಿದ್ದಳು. "ಅಣ್ಣ, ಬದನೆಕಾಯಿ ಕಾಲು ಕೆಜಿಗೆ ಎಷ್ಟು?" ಸಂತೆಯಲ್ಲಿ ಅದನ್ನೇ ಕೇಳಿದಳು. ಒಂದು ತಪ್ಪೂ ಇಲ್ಲದೆ ಕೇಳಿದಳು. ತರಕಾರಿಯವರು ತಲೆ ಎತ್ತಿ ಅವಳ ಮುಖ ನೋಡಿದರು, ನೋಡಿದ ಕೂಡಲೇ ಹಿಂದಿಯಲ್ಲಿ "ದಸ್ ರುಪಯಾ" ಅಂದರು.

ಅವಳ ಮುಖ ಸಣ್ಣದಾಯಿತು. "ದೇ ದೋ" ಅಂದಳು. ಆಮೇಲೆ ಈರುಳ್ಳಿ, ಟೊಮೆಟೊ, ಒಣಮೀನು ಎಲ್ಲವನ್ನೂ ಹಿಂದಿಯಲ್ಲೇ ಕೊಂಡಳು. ಬಸ್ಸಿನಲ್ಲಿ ಅಷ್ಟು ಹೊತ್ತು ಕಲಿತದ್ದು ಅಲ್ಲಿಗೇ ನಿಂತುಹೋಯಿತು.

ಆ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮಾಡಿದ್ದು ಸೌಜನ್ಯಕ್ಕೆ. ದೂರದಿಂದ ಬಂದವಳು, ಕಷ್ಟ ಪಡುತ್ತಿದ್ದಾಳೆ, ಅವಳಿಗೆ ಗೊತ್ತಿರುವ ಮಾತಿನಲ್ಲೇ ಹೇಳೋಣ ಅಂತ. ಕೊಡಗಿನಲ್ಲಿ ಬೆಳೆದ ಯಾರೇ ಆದರೂ ಹಾಗೇ ಮಾಡುತ್ತಿದ್ದರು, ನಾನೂ ಎಷ್ಟೋ ಸಲ ಮಾಡಿದ್ದೇನೆ. ಎದುರಿಗೆ ಬಂದವರ ಭಾಷೆಗೆ ಜಾರಿಬಿಡುವುದು ನಮಗೆ ಅಭ್ಯಾಸ. ಆದರೆ ಆವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ಕಿಟಕಿ ಕಡೆ ಮುಖ ಮಾಡಿ ಸುಮ್ನೆ ಕೂತದ್ದು ನೋಡಿ ನನಗೆ ಒಂದು ವಿಷಯ ತಲೆಗೆ ಹೊಕ್ಕಿತು, ಅದನ್ನು ಬರೆಯಬೇಕು ಅಂತ ಅಂದಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ. ನಮ್ಮ ಈ ಒಳ್ಳೆಯ ಗುಣವೇ ಕಲಿಯುವವರಿಗೆ ಅಡ್ಡ ಬರುತ್ತದೆ. ಕಲಿಯಲು ಬಂದವರ ಬಾಯಿಂದ ನಾವೇ ಭಾಷೆಯನ್ನು ಕಿತ್ತುಕೊಂಡ ಹಾಗೆ ಆಗುತ್ತದೆ.

ಕೊಡಗಿನವರಲ್ಲದವರಿಗೆ ಸ್ವಲ್ಪ ಹೇಳಬೇಕು. ಇದು ರಾಜ್ಯದಲ್ಲೇ ಚಿಕ್ಕ ಜಿಲ್ಲೆಗಳಲ್ಲಿ ಒಂದು. 1956ರ ನವೆಂಬರ್ 1ರವರೆಗೆ ಇದೇ ಒಂದು ಬೇರೆ ರಾಜ್ಯವಾಗಿತ್ತು. ಇಷ್ಟು ಸಣ್ಣ ಜಾಗದಲ್ಲಿ ಕೊಡವರ ಮಾತು ಕೊಡವ ತಕ್ಕ್ ಇದೆ, ನಮ್ಮ ಮನೆಮಾತು ಅರೆಭಾಷೆ ಇದೆ, ಯರವರ ಮಾತು, ಕುರುಬರ ಮಾತು ಇವೆ. ವಿರಾಜಪೇಟೆ, ಸಿದ್ದಾಪುರದ ಕಡೆ ಮಲಯಾಳ ಜಾಸ್ತಿ. ಸಂಪಾಜೆ ಘಟ್ಟ ಇಳಿದರೆ ತುಳು. ತಮಿಳು, ಉರ್ದು, ಕೊಂಕಣಿ ಎಲ್ಲಾ ಕಡೆ ಅಷ್ಟಷ್ಟು. ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲಕುಪ್ಪೆಯಲ್ಲಿ ಟಿಬೆಟನ್. ಇವರೆಲ್ಲರೂ ಒಬ್ಬರಿಗೊಬ್ಬರು ಸಿಕ್ಕಾಗ ಹೆಚ್ಚಾಗಿ ಆಡುವುದು ಕನ್ನಡ. ಈಗ ಹತ್ತಿಪ್ಪತ್ತು ವರ್ಷದಿಂದ ತೋಟಗಳಿಗೆ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯವರು ಬರುತ್ತಿದ್ದಾರೆ. ಅವರ ಜೊತೆ ಮಾತ್ರ ನಾವು ಕನ್ನಡ ಆಡುವುದಿಲ್ಲ. ಮುರುಕು ಹಿಂದಿ ಆಡುತ್ತೇವೆ. ಅವರಲ್ಲಿ ಎಷ್ಟೋ ಜನರಿಗೆ ಹಿಂದಿಯೂ ಕಲಿತ ಭಾಷೆಯೇ. ಇಬ್ಬರಿಗೂ ಸೇರದ ಭಾಷೆಯಲ್ಲಿ ಇಬ್ಬರೂ ತಡವರಿಸುತ್ತೇವೆ.

ನಮ್ಮ ಅವ್ವ ಓದಿದ್ದು ನಾಲ್ಕನೇ ಕ್ಲಾಸ್. ಆಡುವುದು ಐದು ಭಾಷೆ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ಕನ್ನಡ, ಪಕ್ಕದ ಕೊಡವರ ಮನೆಯಲ್ಲಿ ಕೊಡವ ತಕ್ಕ್, ವಯನಾಡಿನಿಂದ ಕುಯ್ಲಿಗೆ ಬರುತ್ತಿದ್ದ ಹೆಂಗಸರ ಜೊತೆ ಮಲಯಾಳ, ಸುಳ್ಯದ ನೆಂಟರ ಜೊತೆ ತುಳು. ಹೇಗೆ ಕಲಿತೆ ಅಂತ ಕೇಳಿದರೆ "ಕಲಿಯೋದೆಂತ, ಅವರ ಜೊತೆ ಕೆಲಸ ಮಾಡಿದ್ದು" ಅನ್ನುತ್ತಾರೆ. ಆದರೆ ನಾನು ಚಿಕ್ಕವಳಾಗಿದ್ದಾಗ ನೋಡಿದ್ದೇನೆ, ಅವ್ವನ ಹತ್ತಿರ ಒಂದು ಪ್ರಶ್ನೆ ಯಾವಾಗಲೂ ಇರುತ್ತಿತ್ತು. ಕೈಯಲ್ಲಿ ಏನಿದೆಯೋ ಅದನ್ನು ತೋರಿಸಿ "ಇದಕ್ಕೆ ನಿಮ್ಮಲ್ಲಿ ಎಂತ ಹೇಳುದು?" ಅಂತ ಕೇಳುವುದು. ಅವರು ಹೇಳಿದ್ದನ್ನು ಅಲ್ಲೇ ಎರಡು ಸಲ ಗಟ್ಟಿಯಾಗಿ ಹೇಳುವುದು. ಸಂಜೆ ಹೊರಡುವ ಮುಂಚೆ ಅದೇ ಮಾತನ್ನು ಏನಾದರೂ ನೆಪ ಮಾಡಿ ಅವರಿಗೇ ತಿರುಗಿ ಹೇಳುವುದು. ಅಷ್ಟೇ. ಯಾವ ಭಾಷೆ ಕಲಿಯಲು ಹೊರಟರೂ ಮೊದಲು ಬಾಯಿಪಾಠ ಮಾಡಬೇಕಾದ ವಾಕ್ಯ ಅದೇ ಅಂತ ನನಗೆ ಈಗಲೂ ಅನಿಸುತ್ತದೆ.

ಅವ್ವನಿಗೆ ಇನ್ನೊಂದು ಸುಳಿವೂ ಗೊತ್ತಿತ್ತು. ಕನ್ನಡದ ಹಕಾರ ಇರುವ ಕಡೆ ಅಕ್ಕಪಕ್ಕದ ಭಾಷೆಗಳಲ್ಲಿ ಪಕಾರ ಹಾಕಿ ನೋಡು ಅನ್ನುತ್ತಿದ್ದರು. ಹಂದಿ ಕೊಡವರಲ್ಲಿ ಪಂದಿ, ಮಲಯಾಳದಲ್ಲಿ ಪನ್ನಿ, ತುಳುವಿನಲ್ಲಿ ಪಂಜಿ. ನಮ್ಮ ಹತ್ತು ಮೂವರಲ್ಲೂ ಪತ್ತ್. ಹುತ್ತರಿ ಅವರಿಗೆ ಪುತ್ತರಿ. ಹಳಗನ್ನಡದಲ್ಲಿ ನಮ್ಮದೂ ಪಕಾರವೇ ಇತ್ತು, ಪಾಲ್, ಪೂ, ಪೆಸರ್ ಅಂತ. ಆಮೇಲೆ ಕನ್ನಡ ಒಂದೇ ಅದನ್ನು ಹಕಾರ ಮಾಡಿಕೊಂಡಿತು. ಅವ್ವನಿಗೆ ಆ ಚರಿತ್ರೆ ಗೊತ್ತಿರಲಿಲ್ಲ, ಕಿವಿಗೆ ಗೊತ್ತಿತ್ತು.

ಈ ಸುಳಿವು ಕೈ ಕೊಡುವುದೂ ಉಂಟು. ಒಮ್ಮೆ ಸುಳ್ಯದಿಂದ ನಮ್ಮ ಚಿಕ್ಕಮ್ಮ ಬಂದಿದ್ದರು. ತುಳು ಚೆನ್ನಾಗಿ ಬರುತ್ತದೆ, ಮಲಯಾಳ ಬರುವುದಿಲ್ಲ. ಮೀನಿನ ಕಾಕ ಗೇಟಿನ ಹತ್ತಿರ ನಿಂತು, ಹೊಸ ಮುಖ ಅಂತ ನಗುತ್ತಾ "ಪೇರೆಂದಾ?" ಅಂತ ಕೇಳಿದರು. ಹೆಸರೇನು ಅಂತ. ತುಳುವಿನಲ್ಲಿ ಪೇರ್ ಅಂದರೆ ಹಾಲು. ಚಿಕ್ಕಮ್ಮ ಒಳಗೆ ಹೋಗಿ ಒಂದು ಲೋಟ ಹಾಲು ತಂದು ಅವರ ಕೈಗೆ ಕೊಟ್ಟರು. ಕಾಕ ಏನೂ ಹೇಳದೆ ಕುಡಿದು, ಲೋಟ ವಾಪಸ್ ಕೊಟ್ಟು, ಎದೆ ಮುಟ್ಟಿಕೊಂಡು ತಮ್ಮ ಹೆಸರು ಹೇಳಿ, ಆಮೇಲೆ ಚಿಕ್ಕಮ್ಮನ ಕಡೆ ಕೈ ತೋರಿಸಿ ಮತ್ತೆ "ಪೇರೆಂದಾ?" ಅಂದರು. ಆಗ ಚಿಕ್ಕಮ್ಮನಿಗೆ ಗೊತ್ತಾಯಿತು. ಮೂವತ್ತು ವರ್ಷ ಆಯಿತು, ಆ ಮಲಯಾಳ ಮಾತನ್ನು ಅವರು ಮರೆತಿಲ್ಲ. ಆ ಕಾಕ ಅವತ್ತು ಕನ್ನಡಕ್ಕೆ ತಿರುಗಿಬಿಟ್ಟಿದ್ದರೆ ಅವರಿಗೆ ಅದು ಬರುತ್ತಿರಲಿಲ್ಲ.

ನಾನು ಕನ್ನಡ ಕಲಿತ ಕಥೆ ಬೇರೆ. ಕನ್ನಡವನ್ನೂ ಕಲಿತೆಯಾ ಅಂತ ಕೇಳುತ್ತೀರಿ, ಅರೆಭಾಷೆ ಕನ್ನಡಕ್ಕೆ ಅಷ್ಟು ಹತ್ತಿರ ಅಲ್ವಾ? ಹತ್ತಿರ ಇದ್ದದ್ದೇ ಕಷ್ಟವಾಯಿತು. ಒಂದನೇ ಕ್ಲಾಸಿನಲ್ಲಿ ಟೀಚರ್ "ಸ್ಲೇಟು ಇದೆಯಾ?" ಅಂತ ಕೇಳಿದರು. "ಉಟ್ಟು" ಅಂದೆ. ನಮ್ಮಲ್ಲಿ ಉಟ್ಟು ಅಂದರೆ ಇದೆ, ಉಂಟು ಅಂತ. ಕನ್ನಡದಲ್ಲಿ ಬಟ್ಟೆ ಉಟ್ಟು ಬಂದ ಹಾಗೆ. "ಸ್ಲೇಟು ಉಟ್ಟುಕೊಂಡು ಬಂದಿದ್ದೀಯಾ?" ಅಂದರು. ಇಡೀ ಕ್ಲಾಸು ನಕ್ಕಿತು. ನಾನು ದೀಪಾವಳಿ ರಜೆವರೆಗೆ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಹಾಜರಿಗೂ ಕೈ ಎತ್ತುತ್ತಿದ್ದೆ ಅಷ್ಟೇ.

ಭಾಷೆ ಕಲಿಯುವವರು ಮೊದಮೊದಲು ಮಾತಾಡದೆ ಕೇಳಿಸಿಕೊಳ್ಳುತ್ತಲೇ ಇರುವುದು ಸಹಜ, ಮಕ್ಕಳಂತೂ ತಿಂಗಳುಗಟ್ಟಲೆ ಹಾಗಿರುತ್ತಾರೆ. ಅದು ಒಳಗೆ ತುಂಬಿಕೊಳ್ಳುವ ಮೌನ. ಅದಕ್ಕೆ ಯಾರೂ ಹೆದರಬೇಕಾಗಿಲ್ಲ. ನನ್ನದು ಆ ಮೌನ ಅಲ್ಲ, ನಾಚಿಕೆಯ ಮೌನ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮಗುವಿನ ಕಣ್ಣು ನೋಡಿದರೆ ಗೊತ್ತಾಗುತ್ತದೆ. ಕೇಳಿಸಿಕೊಳ್ಳುವ ಮಗು ನಿಮ್ಮ ಬಾಯಿಯನ್ನೇ ನೋಡುತ್ತಿರುತ್ತದೆ. ನಾಚಿಕೆ ಪಟ್ಟ ಮಗು ನೆಲ ನೋಡುತ್ತದೆ.

ದೊಡ್ಡವಳಾದ ಮೇಲೆ ನಾನೇ 9 ವರ್ಷ ಅತಿಥಿ ಶಿಕ್ಷಕಿಯಾಗಿದ್ದೆ. ತೋಟದ ಲೈನ್‌ಗಳಿಂದ, ಆದಿವಾಸಿಗಳ ಹಾಡಿಗಳಿಂದ ಬರುವ ಮಕ್ಕಳೇ ಜಾಸ್ತಿ ಇದ್ದ ಶಾಲೆ. ಒಬ್ಬ ಯರವ ಹುಡುಗ ನೆನಪಾಗುತ್ತಾನೆ. ಒಂದನೇ ಕ್ಲಾಸಿಗೆ ಬಂದಾಗ ಒಂದು ಕನ್ನಡ ಪದ ಬರುತ್ತಿರಲಿಲ್ಲ, ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಗೋಲಿ ಆಡುವಾಗ ಅವನದೇ ದೊಡ್ಡ ಗಂಟಲು. ಜಗಳ, ಚೌಕಾಸಿ, ಎಲ್ಲಾ ಕನ್ನಡದಲ್ಲಿ. ಆದರೆ ಲೆಕ್ಕ ಕೊಟ್ಟರೆ ಸುಮ್ಮನೆ ಕೂತುಬಿಡುತ್ತಿದ್ದ. "ಕನ್ನಡ ಬರುತ್ತಲ್ಲ, ಸೋಮಾರಿತನ" ಅಂತ ಶಾಲೆಯಲ್ಲಿ ತೀರ್ಮಾನ ಆಗಿತ್ತು. ಒಂದು ದಿನ ಅವನ ಪಕ್ಕದಲ್ಲಿ ಕೂತು ನೋಡಿದೆ. ಪುಸ್ತಕದಲ್ಲಿ "12 ಕಿತ್ತಳೆಗಳಲ್ಲಿ 5ನ್ನು ಮಾರಿದರೆ ಉಳಿದವು ಎಷ್ಟು?" ಅಂತ ಇತ್ತು. ಅವನಿಗೆ ಕಿತ್ತಳೆ ಗೊತ್ತು, ಮಾರುವುದು ಗೊತ್ತು. "ಉಳಿದವು" ಗೊತ್ತಿರಲಿಲ್ಲ. ಗೋಲಿ ಆಟದಲ್ಲಿ ಆ ಪದ ಬರುವುದೇ ಇಲ್ಲ! "ನಿನ್ನ ಹತ್ತಿರ ಇನ್ನೆಷ್ಟು ಇದೆ?" ಅಂತ ಕೇಳಿದೆ. ಏಳು ಅಂದ, ಕಣ್ಣು ಮಿಟುಕಿಸುವಷ್ಟರಲ್ಲಿ.

ಆಮೇಲೆ ಓದುವಾಗ ತಿಳಿಯಿತು, ಕೆನಡಾದ ಜಿಮ್ ಕಮಿನ್ಸ್ ಅನ್ನುವವರು 1980ರ ಆಸುಪಾಸಿನಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ವಲಸೆ ಬಂದ ಮಕ್ಕಳು ಹೊಸ ಭಾಷೆಯಲ್ಲಿ ಆಡುಮಾತನ್ನು ಸುಮಾರು ಎರಡು ವರ್ಷದಲ್ಲಿ ಹಿಡಿಯುತ್ತಾರೆ. ಅದೇ ಭಾಷೆಯಲ್ಲಿ ಪಾಠ ಓದಿ ಉಳಿದ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ನಡುವಿನ ಆ ಮೂರರಿಂದ ಐದು ವರ್ಷ ಇದೆಯಲ್ಲ, ಅದರಲ್ಲೇ ನಮ್ಮ ಮಕ್ಕಳು ಶಾಲೆ ಬಿಡುವುದು. ಬಾಯಿ ಚೆನ್ನಾಗಿ ಓಡುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಮಗುವನ್ನು ದಡ್ಡ ಅಂದುಬಿಡುತ್ತಾರೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ನಿಮ್ಮ ಕ್ಲಾಸಿನಲ್ಲಿ ಮಾತು ಬರುವ, ಓದು ಬಾರದ ಮಗು ಇದ್ದರೆ ದಯವಿಟ್ಟು ಪಕ್ಕದಲ್ಲಿ ಕೂತು ಒಂದೊಂದೇ ಪದ ಕೇಳಿ ನೋಡಿ. ಒಟ್ಟು, ಉಳಿದ, ಸಮನಾಗಿ, ಆದ್ದರಿಂದ, ಆದರೂ. ಇಂಥ ಪದಗಳಲ್ಲೇ ಸಿಕ್ಕಿಕೊಂಡಿರುತ್ತಾರೆ.

ನಲಿ-ಕಲಿ ಬಂದಿದ್ದರಿಂದ ಚಿಕ್ಕ ಕ್ಲಾಸುಗಳಿಗೆ ಒಂದಷ್ಟು ಅನುಕೂಲ ಆಗಿತ್ತು. ಅದು ಶುರುವಾದದ್ದು ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಕಾರ್ಡು, ಹಾಡು, ಗುಂಪಿನಲ್ಲಿ ಕೂತು ಅವರವರ ವೇಗದಲ್ಲಿ ಕಲಿಯುವುದು. ನಾನು ಅದಕ್ಕೆ ಒಂದು ಸೇರಿಸಿಕೊಂಡಿದ್ದೆ. ಹೊಸದಾಗಿ ಬಂದ ಯರವ ಮಗುವಿನ ಪಕ್ಕ ಮೂರನೇ ಕ್ಲಾಸಿನ ಯರವ ಹುಡುಗಿಯನ್ನು ಕೂರಿಸುತ್ತಿದ್ದೆ, ಅವರ ಮಾತಲ್ಲೇ ಹೇಳಿಕೊಡು ಅಂತ. ಶಾಲೆಯಲ್ಲಿ ಮನೆಮಾತು ಆಡಬಾರದು ಅನ್ನುವವರು ಇದ್ದರು. ಆದರೆ ಎರಡು ವಾರದಲ್ಲಿ ಆ ಮಗು ನಕ್ಕಿತು. ನಕ್ಕ ಮಗು ಕಲಿಯುತ್ತದೆ.

ಇಷ್ಟೆಲ್ಲಾ ಗೊತ್ತಿದ್ದೂ ಅಸ್ಸಾಮಿನ ಹುಡುಗಿಗೆ ಕನ್ನಡ ಕಲಿಸಲು ಕೂತಾಗ ನಾನು ಶುರು ಮಾಡಿದ್ದು ಅಕ್ಷರಮಾಲೆಯಿಂದ. ಅವಳೇ ಕೇಳಿದ್ದಳು, ಕಲಿಸಿ ಅಂತ. ನಮ್ಮದು ದೊಡ್ಡ ಎಸ್ಟೇಟ್ ಏನಲ್ಲ, ಆರೆಕರೆ ರೋಬಸ್ಟಾ, ಎರಡು ರೂಮಿನ ಲೈನ್. ಸಂಜೆ ಆರಕ್ಕೆ ಅವಳು ಸ್ನಾನ ಮಾಡಿ, ಒಂದು ನೋಟ್‌ಬುಕ್ ಹಿಡಿದುಕೊಂಡು ಜಗಲಿಗೆ ಬರುತ್ತಿದ್ದಳು. ಅ, ಆ, ಇ, ಈ. ಅವಳಿಗೆ ಅಸ್ಸಾಮಿ ಓದು ಬರಹ ಬರುತ್ತದೆ, ಏಳನೇ ಕ್ಲಾಸಿನವರೆಗೆ ಓದಿದ್ದಾಳೆ. ಆದರೂ ಮೂರನೇ ದಿನ ಬರಲಿಲ್ಲ. ನಾಲ್ಕನೇ ದಿನವೂ ಇಲ್ಲ. ಹೋಗಿ ನೋಡಿದರೆ ಅನ್ನಕ್ಕೆ ಇಟ್ಟು ಒಲೆ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು. ದಿನವಿಡೀ ಕುಯ್ದು, ಮೂಟೆ ಹೊತ್ತು ಬಂದವಳಿಗೆ ಅಕ್ಷರಮಾಲೆ ಯಾಕೆ ಬೇಕು? ಅವಳಿಗೆ ಬೇಕಾಗಿದ್ದದ್ದು ಮಾತು.

ಮರುದಿನ ನಾನೇ ಬುಟ್ಟಿ ಕಟ್ಟಿಕೊಂಡು ಅವಳ ಪಕ್ಕದ ಸಾಲಿಗೆ ನಿಂತೆ. "ಕೊಂಬೆ ಬಗ್ಗಿಸು." ನಾನು ಬಗ್ಗಿಸಿದೆ, ಅವಳೂ ಬಗ್ಗಿಸಿದಳು. "ಹಣ್ಣು ಕುಯ್ಯಿ. ಕಾಯಿ ಬಿಡು." ಕೆಂಪು, ಹಸಿರು ಕೈಯಲ್ಲೇ ಇತ್ತು, ಅರ್ಥ ಹೇಳಬೇಕಾಗಲಿಲ್ಲ. "ಇದು ದೋರೆಗಾಯಿ, ನಾಳೆ ನೋಡೋಣ." "ಉದುರಿದ್ದು ಹೆಕ್ಕು." "ಬುಟ್ಟಿ ತುಂಬಿತು, ಚೀಲಕ್ಕೆ ಸುರಿ." ಒಂದು ವಾರ ನಾನು ಹೇಳುವುದು, ಅವಳು ಮಾಡುವುದು. ಅವಳು ಮಾತಾಡಲೇಬೇಕು ಅಂತ ಇಲ್ಲ. ಎಂಟನೇ ದಿನ ಅವಳೇ ಗಂಡನಿಗೆ "ಏಯ್, ಕಾಯಿ ಬಿಡು!" ಅಂತ ಕೂಗಿದಳು. ಅವನು ತಿರುಗಿ ನೋಡಿದ ನೋಟ ನೋಡಬೇಕಿತ್ತು. ಹೀಗೆ ಅಪ್ಪಣೆ ಕೊಟ್ಟು ಮೈಯಲ್ಲಿ ಮಾಡಿಸಿ ಭಾಷೆ ಕಲಿಸುವುದನ್ನು ಅಮೆರಿಕದ ಜೇಮ್ಸ್ ಆಷರ್ 1960ರ ದಶಕದಲ್ಲಿ ಒಂದು ಪದ್ಧತಿಯಾಗಿ ಮಾಡಿದರು. ನಮ್ಮ ತೋಟಗಳ ಮೇಸ್ತ್ರಿಗಳು ಅದಕ್ಕೂ ಮುಂಚಿನಿಂದ ಹಾಗೆಯೇ ಕಲಿಸುತ್ತಾ ಬಂದಿದ್ದಾರೆ.

ಕಣದಲ್ಲಿ ಒಂದು ಸಂಜೆ ನಡೆದದ್ದು ಹೇಳುತ್ತೇನೆ. ಮೂಟೆ ಹೊಲಿಯುತ್ತಿದ್ದೆವು. ಅವಳು ದಾರ ಹಿಡಿದು "ಅಕ್ಕ, ಕತ್ತು?" ಅಂದಳು. ಕತ್ತಿಗೆ ಏನಾಯಿತು ಅಂತ ನಾನು ಅವಳ ಕತ್ತು ನೋಡಿದೆ. ಅವಳು ಮೂಟೆ ತೋರಿಸಿ ಮತ್ತೆ "ಕತ್ತು, ಕತ್ತು" ಅಂದಳು. ಕಟ್ಟಬೇಕಾ ಅಂತ ಕೇಳುತ್ತಿದ್ದಾಳೆ! ಅಸ್ಸಾಮಿಯಲ್ಲಿ ನಮ್ಮ ತ ಮತ್ತು ಟ ಎರಡೂ ಸೇರಿ ಒಂದೇ ಆಗಿಹೋಗಿವೆ. ನಾಲಗೆ ಹಲ್ಲಿಗೂ ತಾಗುವುದಿಲ್ಲ, ಮೇಲಕ್ಕೂ ಮಡಚುವುದಿಲ್ಲ, ನಡುವೆ ಎಲ್ಲೋ ತಾಗುತ್ತದೆ. ಅವಳ ಕಿವಿಗೇ ಅದು ಬೇರೆ ಬೇರೆ ಅಂತ ಕೇಳಿಸುತ್ತಿರಲಿಲ್ಲ. ಕಿವಿಗೆ ಕೇಳದ್ದು ಬಾಯಿಗೆ ಹೇಗೆ ಬರಬೇಕು? ಪಕ್ಕದ ತೋಟದಲ್ಲಿ ಬಂಗಾಳಿ ಆಡುವವರು ಇದ್ದಾರೆ, ಅವರಿಗೆ ಈ ತೊಂದರೆ ಇಲ್ಲ, ಬಂಗಾಳಿಯಲ್ಲಿ ಎರಡೂ ಇವೆ. ಎಲ್ಲರನ್ನೂ ಒಟ್ಟಿಗೆ ಸೇರಿಸಿ "ಹಿಂದಿಯವರು" ಅಂದುಬಿಟ್ಟರೆ ಇಂಥದ್ದು ಕಾಣುವುದೇ ಇಲ್ಲ.

ಅದಕ್ಕೆ ನಾವು ಒಂದು ಆಟ ಮಾಡಿಕೊಂಡೆವು. ನಾನು ಬೆನ್ನು ತಿರುಗಿಸಿ ನಿಲ್ಲುವುದು. "ಮುತ್ತು" ಅಂದರೆ ಅವಳು ಎಡಗೈಯಲ್ಲಿ ಒಂದು ಕಾಫಿ ಬೀಜ ಇಡಬೇಕು, "ಮುಟ್ಟು" ಅಂದರೆ ಬಲಗೈಯಲ್ಲಿ. ಅತ್ತೆ-ಅಟ್ಟೆ, ಹತ್ತಿ-ಹಟ್ಟಿ. ಮೊದಲು ಬರೀ ಕೇಳಿಸಿಕೊಳ್ಳುವುದು, ಹೇಳುವುದು ಆಮೇಲೆ. ಹತ್ತು ದಿನ ಬೇಕಾಯಿತು ಕಿವಿ ತೆರೆದುಕೊಳ್ಳಲು. ಈಗ "ಕಟ್ಟು" ಅನ್ನುವಾಗ ನಾಲಗೆಯನ್ನು ಬೇಕಂತಲೇ ಹಿಂದಕ್ಕೆ ಮಡಚಿ, ಸ್ವಲ್ಪ ಜೋರಾಗಿಯೇ ಅನ್ನುತ್ತಾಳೆ.

ತಪ್ಪು ತಿದ್ದುವ ವಿಷಯದಲ್ಲಿ ನಾನು ಮನಸ್ಸು ಬದಲಾಯಿಸಿದ್ದೇನೆ. ಮೊದಲು ತಿದ್ದಲೇಬಾರದು ಅಂತಿದ್ದೆ, ನನ್ನ "ಉಟ್ಟು" ನೆನಪಿನಿಂದ. ಅವಳು "ಅಣ್ಣ ಬಂದಳು" ಅಂದರೆ "ಹೌದಾ, ಅಣ್ಣ ಬಂದನಾ?" ಅಂತ ಸರಿಯಾದ್ದನ್ನು ಮಾತಿನೊಳಗೇ ಸೇರಿಸಿ ಹೇಳುತ್ತಿದ್ದೆ. ಅಸ್ಸಾಮಿಯಲ್ಲಿ ಗಂಡಿಗೂ ಹೆಣ್ಣಿಗೂ ಕ್ರಿಯಾಪದ ಒಂದೇ, ಹಾಗಾಗಿ ಈ ತಪ್ಪು ದಿನಕ್ಕೆ ಇಪ್ಪತ್ತು ಸಲ. ಆದರೆ ಅವಳು ನನ್ನ ತಿದ್ದುಪಡಿಯನ್ನು ಗಮನಿಸುತ್ತಲೇ ಇರಲಿಲ್ಲ. ಅಣ್ಣ ಬಂದದ್ದು ನನಗೆ ಗೊತ್ತಾಯಿತಲ್ಲ, ಅವಳಿಗೆ ಅಷ್ಟು ಸಾಕು. ಕೆನಡಾದ ಫ್ರೆಂಚ್ ಕ್ಲಾಸುಗಳನ್ನು ನೋಡಿ ಲಿಸ್ಟರ್ ಮತ್ತು ರಾಂಟಾ ಎಂಬಿಬ್ಬರು 1997ರಲ್ಲಿ ಬರೆದದ್ದೂ ಇದನ್ನೇ. ಶಿಕ್ಷಕರು ಅತಿ ಹೆಚ್ಚು ಬಳಸುವುದು ಈ ನಯವಾದ ತಿದ್ದುಪಡಿ, ಮಕ್ಕಳು ಅತಿ ಕಡಿಮೆ ಹಿಡಿಯುವುದೂ ಅದನ್ನೇ. ಈಗ ನಾನು ಮಾಡುವುದು ಇಷ್ಟು. ಜನರ ಮುಂದೆ ತಿದ್ದುವುದಿಲ್ಲ. ಅರ್ಥ ಕೆಡದಿದ್ದರೆ ಬಿಡುತ್ತೇನೆ. ಅರ್ಥ ಕೆಟ್ಟರೆ, ನಾವಿಬ್ಬರೇ ಇದ್ದಾಗ, "ಬಂದಳಾ, ಬಂದನಾ?" ಅಂತ ಕೇಳಿ ಸುಮ್ಮನಾಗುತ್ತೇನೆ. ಅವಳೇ ಯೋಚಿಸಿ ಹೇಳುತ್ತಾಳೆ. ಯೋಚಿಸಿ ಹೇಳಿದ್ದು ಉಳಿಯುತ್ತದೆ.

ಕಷ್ಟಗಳನ್ನೇ ಹೇಳಿದೆ. ಅವಳಿಗೆ ಸುಲಭವಾದದ್ದು ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತದೆ. ವಾಕ್ಯದ ಕೊನೆಗೆ ಕ್ರಿಯಾಪದ ಇಡುವುದನ್ನು ನಾನು ಹೇಳಿಕೊಡಲೇ ಇಲ್ಲ, ಅವಳ ಭಾಷೆಯಲ್ಲೂ ಹಾಗೇ. ನೀನು, ನೀವು ವ್ಯತ್ಯಾಸ ಒಂದೇ ದಿನದಲ್ಲಿ ಬಂತು, ಅವರಲ್ಲಿ ತೊಯ್, ತುಮಿ, ಆಪುನಿ ಅಂತ ಮೂರು ಮೆಟ್ಟಿಲು ಇವೆ. ಇನ್ನೂ ಚೆಂದದ್ದು "ಅಂತ". "ಬರ್ತೀನಿ ಅಂತ ಹೇಳಿದ" ಅನ್ನುವ ಈ "ಅಂತ" ಇದೆಯಲ್ಲ, ಅದು "ಅನ್ನು", ಅಂದರೆ "ಹೇಳು" ಅನ್ನುವುದರಿಂದ ಬಂದದ್ದು. ಅಸ್ಸಾಮಿಯಲ್ಲಿ ಅದೇ ಜಾಗಕ್ಕೆ "ಬುಲಿ" ಬರುತ್ತದೆ. ಅದರ ಅರ್ಥವೂ "ಹೇಳಿ" ಅಂತಲೇ! ಬ್ರಹ್ಮಪುತ್ರದ ದಡದ ಭಾಷೆ, ಕಾವೇರಿ ದಡದ ಭಾಷೆ, ಬೇರೆ ಬೇರೆ ಕುಲದವು, ಒಂದೇ ಥರ ಯೋಚಿಸುತ್ತವೆ.

ಮರ್ರೇ ಎಮೆನೊ ಅನ್ನುವ ಭಾಷಾವಿಜ್ಞಾನಿ ಒಬ್ಬರಿದ್ದರು, 1930ರ ದಶಕದಲ್ಲಿ ಭಾರತಕ್ಕೆ ಬಂದು ನೀಲಗಿರಿಯ ತೊದ, ಕೋತ ಭಾಷೆಗಳ ಜೊತೆಗೆ ನಮ್ಮ ಕೊಡವ ತಕ್ಕನ್ನೂ ಅಭ್ಯಾಸ ಮಾಡಿದವರು. ಕನ್ನಡ ಲಿಪಿಯಲ್ಲಿ ಬರೆಯಲು ಬಾರದ ಸ್ವರಗಳು ಕೊಡವ ಭಾಷೆಯಲ್ಲಿ ಇರುವುದನ್ನು ಸೂಕ್ಷ್ಮವಾಗಿ ಗುರುತಿಸಿ ಬರೆದವರೂ ಅವರೇ. 1956ರಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಅದೇ ವರ್ಷ, ಅವರ ಒಂದು ಹೆಸರಾಂತ ಲೇಖನ ಬಂತು. ಭಾರತದ ಭಾಷೆಗಳು ಬೇರೆ ಬೇರೆ ಮೂಲದವಾದರೂ ಸಾವಿರಾರು ವರ್ಷ ಅಕ್ಕಪಕ್ಕ ಬಾಳಿ ಒಂದರ ಗುಣ ಒಂದಕ್ಕೆ ಬಂದಿವೆ ಅಂತ ಅದರಲ್ಲಿ ತೋರಿಸಿದರು. ಅಕ್ಕಪಕ್ಕ ಬಾಳುವುದು ಅಂದರೆ ನಮ್ಮ ಅವ್ವನಂಥವರು ದಿನಾ ಬುಟ್ಟಿ ಹಿಡಿದು ಇನ್ನೊಬ್ಬರ ಪಕ್ಕ ನಿಲ್ಲುವುದು, ಅಲ್ವಾ? ಯಾರೋ ಎರಡು ಭಾಷೆ ಆಡಿದ್ದರಿಂದಲೇ ಇದೆಲ್ಲಾ ಆದದ್ದು.

ಪದಗಳನ್ನು ನೆನಪಿಡಲು ಮೂರು ಡಬ್ಬ ಇಟ್ಟುಕೊಂಡಿದ್ದೇವೆ. ಹಾರ್ಲಿಕ್ಸ್ ಡಬ್ಬ, ಬಿಸ್ಕತ್ ಡಬ್ಬ, ಒಂದು ಸಕ್ಕರೆ ಡಬ್ಬ. ಚೀಟಿಯ ಒಂದು ಕಡೆ ಅವಳು ಅಸ್ಸಾಮಿಯಲ್ಲಿ ಬರೆಯುತ್ತಾಳೆ, ಇನ್ನೊಂದು ಕಡೆ ಕನ್ನಡ. ಹೊಸ ಚೀಟಿ ಮೊದಲ ಡಬ್ಬಕ್ಕೆ, ಅದನ್ನು ದಿನಾ ನೋಡುವುದು. ನೆನಪಾದರೆ ಎರಡನೆಯದಕ್ಕೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ನೆನಪಾದರೆ ಮೂರನೆಯದಕ್ಕೆ, ಅದು ಭಾನುವಾರ ಮಾತ್ರ. ಮರೆತರೆ ಮತ್ತೆ ಮೊದಲ ಡಬ್ಬಕ್ಕೆ. ನಾವು ಕಲಿತದ್ದು ಮೊದಲ ದಿನಗಳಲ್ಲಿ ಬೇಗ ಮರೆಯುತ್ತದೆ, ಬಿಟ್ಟು ಬಿಟ್ಟು ನೆನೆಸಿಕೊಂಡರೆ ಗಟ್ಟಿಯಾಗುತ್ತದೆ ಅನ್ನುವುದನ್ನು ಎಬ್ಬಿಂಗ್‌ಹೌಸ್ ಎಂಬ ಜರ್ಮನ್ 1885ರಷ್ಟು ಹಿಂದೆಯೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದ. ದಿನಕ್ಕೆ ಹತ್ತು ನಿಮಿಷ ಸಾಕು. ನಾನೂ ಅದೇ ಚೀಟಿಗಳಿಂದ ಅಸ್ಸಾಮಿ ಕಲಿಯುತ್ತಿದ್ದೇನೆ. ಭಾತ್ ಅಂದರೆ ಅನ್ನ, ಮಾಸ್ ಅಂದರೆ ಮೀನು. ಅವಳು ನನ್ನನ್ನು ಬಾಯ್‌ದೇವ್ ಅನ್ನುತ್ತಿದ್ದಳು, ಅಕ್ಕ ಅಂತ ಅರ್ಥ, ಅಲ್ಲಿ ಶಾಲೆಯ ಮೇಡಂಗಳನ್ನೂ ಹಾಗೇ ಕರೆಯುತ್ತಾರಂತೆ. ಈಗ ಅಕ್ಕ ಅನ್ನುತ್ತಾಳೆ. ನನಗೆ ಎರಡೂ ಇಷ್ಟ.

ಈ ಎಲ್ಲದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಕಾಯುವುದು. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ಕ್ಲಾಸುಗಳಲ್ಲಿ ಕೂತು ಸಮಯ ಅಳೆದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಅದು ತಮ್ಮದೇ ಭಾಷೆಯಲ್ಲಿ ಓದುವ ಮಕ್ಕಳ ಮಾತು. ಹೊಸ ಭಾಷೆಯಲ್ಲಿ ಪದ ಹುಡುಕುತ್ತಿರುವವರಿಗೆ ಇನ್ನೆಷ್ಟು ಬೇಕು? ನೀವೇ ಮೂರು ಸೆಕೆಂಡು ಸುಮ್ಮನೆ ಎದುರಿನವರ ಮುಖ ನೋಡಿ ನಿಲ್ಲಿ. ಎಷ್ಟು ಉದ್ದ ಅನಿಸುತ್ತದೆ!

ಮುಂದಿನ ಶುಕ್ರವಾರ ಅದೇ ಅಂಗಡಿಗೇ ಹೋದೆವು. ಅವಳು "ಅಣ್ಣ, ಹುರುಳಿಕಾಯಿ..." ಅಂತ ಶುರು ಮಾಡಿ ಮುಂದಿನ ಪದಕ್ಕೆ ತಡಕಾಡುತ್ತಿದ್ದಳು, ಅವರು ಹಿಂದಿಗೆ ಬಾಯಿ ತೆರೆದರು. ನಾನು "ಸ್ವಲ್ಪ ತಡೀರಿ, ಅವಳೇ ಹೇಳ್ತಾಳೆ" ಅಂದೆ. ಅವರು ನಿಂತರು. ತಕ್ಕಡಿ ಹಿಡಿದುಕೊಂಡೇ ನಿಂತರು. "...ಎಳೆಯದು ಕೊಡಿ" ಅಂದಳು. ಅವರು ರಾಶಿ ಬಗೆದು ಎಳೆಯದನ್ನೇ ಆರಿಸಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, ತಾವು ಕಣ್ಣೂರಿನಿಂದ ಬಂದಾಗ ಒಂದಕ್ಷರ ಕನ್ನಡ ಬರುತ್ತಿರಲಿಲ್ಲ, ಇದೇ ಸಂತೆಯಲ್ಲಿ ಕಲಿತದ್ದು ಅಂತ ಹೇಳಿದರು. ಆಮೇಲೆ ಅವಳು ಹೋದಾಗಲೆಲ್ಲಾ ಅವರು ಕನ್ನಡ ಬಿಟ್ಟು ಬೇರೆ ಆಡಲಿಲ್ಲ.

ಇದೇ ಮಾತು ಮನೆಯೊಳಗೂ ಅನ್ವಯ ಅಂತ ಗೊತ್ತಾಗಲು ನನಗೆ ಸ್ವಲ್ಪ ದಿನ ಹಿಡಿಯಿತು. ನನ್ನ ಮಗಳಿಗೆ ಹನ್ನೊಂದು ವರ್ಷ. ಅರೆಭಾಷೆ ಅರ್ಥ ಆಗುತ್ತದೆ, ಆಡುವುದಿಲ್ಲ. ನಾನು ಅರೆಭಾಷೆಯಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ, ಅದರಲ್ಲಿ ಅರ್ಧ ಇಂಗ್ಲಿಷ್. ನಾನೂ ಕನ್ನಡಕ್ಕೆ ತಿರುಗಿಬಿಡುತ್ತಿದ್ದೆ. ಪಕ್ಕದ ಮನೆಯ ಕೊಡವ ಅಕ್ಕ ತಮ್ಮ ಮೊಮ್ಮಕ್ಕಳ ಬಗ್ಗೆ ಇದೇ ದುಃಖ ಹೇಳುತ್ತಾರೆ. ಜನಗಣತಿಯಲ್ಲಿ ಕೊಡವ ಭಾಷೆ ತಮ್ಮ ಮನೆಮಾತು ಅಂತ ಬರೆಸಿದವರು 2001ರಲ್ಲಿ 1,66,187. 2011ರಲ್ಲಿ 1,13,857. ಹತ್ತು ವರ್ಷದಲ್ಲಿ ಐವತ್ತು ಸಾವಿರ ಕಡಿಮೆ. ಅಕಾಡೆಮಿಗಳು ಇವೆ, ಕೊಡವ ಸಾಹಿತ್ಯ ಅಕಾಡೆಮಿ 1994ರಿಂದ, ಅರೆಭಾಷೆಗೆ 2011ರಿಂದ. ಅವು ಪುಸ್ತಕ ತರುತ್ತವೆ, ಕಾರ್ಯಕ್ರಮ ಮಾಡುತ್ತವೆ, ಬೇಕು. ಆದರೆ ರಾತ್ರಿ ಊಟಕ್ಕೆ ಕೂತಾಗ ನನ್ನ ಮಗಳ ಉತ್ತರಕ್ಕೆ ಕಾಯಬೇಕಾದವಳು ನಾನು.

ಈಗ ಕಾಯುತ್ತೇನೆ. ಅವಳು ಕನ್ನಡದಲ್ಲಿ ಉತ್ತರ ಕೊಟ್ಟರೂ ನಾನು ಅರೆಭಾಷೆಯಲ್ಲೇ ಮುಂದುವರಿಸುತ್ತೇನೆ. ಬೈಯುವುದಿಲ್ಲ, ಹಟವೂ ಇಲ್ಲ. ಅಜ್ಜಿಯ ಜೊತೆ ದಿನಾ ಅರ್ಧ ಗಂಟೆ ಅವಳಿಗೊಂದು ಕೆಲಸ ಕೊಟ್ಟಿದ್ದೇನೆ, ಕಾಳುಮೆಣಸು ಬಿಡಿಸುವುದು, ಕೋಳಿಗೆ ಅಕ್ಕಿ ಹಾಕುವುದು, ಹೀಗೆ ಏನಾದರೂ. ಕೆಲಸದ ಜೊತೆ ಮಾತು ತಾನಾಗಿ ಬರುತ್ತದೆ. ಒಂದೊಂದೇ ಪದ ಬರುತ್ತಿದೆ.

ಮಾರ್ಚ್ ಕೊನೆಗೆ ಕುಯ್ಲು ಮುಗಿಯಿತು. ಅಸ್ಸಾಮಿನ ಹುಡುಗಿ, ಅವಳ ಗಂಡ ಇಬ್ಬರೂ ಊರಿಗೆ ಹೋದರು, ಡಿಸೆಂಬರ್‌ಗೆ ಮತ್ತೆ ಬರುತ್ತಾರೆ. ಮೂರು ಡಬ್ಬಗಳಲ್ಲಿ ಒಂದನ್ನು ತೆಗೆದುಕೊಂಡು ಹೋಗಿದ್ದಾಳೆ. ಹೋದ ವಾರ ರಾತ್ರಿ ಅವಳ ವಾಯ್ಸ್ ಮೆಸೇಜ್ ಬಂತು. ಹಿಂದೆ ತಗಡಿನ ಮೇಲೆ ಮಳೆ ಬೀಳುವ ಸದ್ದು, ಯಾರೋ ಹೆಂಗಸರು ನಗುವ ಸದ್ದು. "ಅಕ್ಕ, ಚೆನ್ನಾಗಿದ್ದೀರಾ? ನಮ್ಮ ಮನೆಯಲ್ಲಿ ಎಲ್ಲಾ ಚೆನ್ನಾಗಿದ್ದಾರೆ. ಇಲ್ಲಿ ತುಂಬಾ ಮಳೆ ಉಟ್ಟು."

ಉಟ್ಟು! ಈ ಪದ ನಾನು ಅವಳಿಗೆ ಕಲಿಸಿದ್ದಲ್ಲ. ಯಾವ ಚೀಟಿಯಲ್ಲೂ ಬರೆದದ್ದಲ್ಲ. ಕಣದಲ್ಲಿ ನಾನೂ ಅವ್ವನೂ ಮಾತಾಡುವುದನ್ನು ಕೇಳಿ ಹಿಡಿದುಕೊಂಡಿದ್ದಾಳೆ, ಕನ್ನಡದ ಜೊತೆಗೇ ಅದೂ ಕನ್ನಡ ಅಂತ. ಆ ಮೆಸೇಜನ್ನು ನಾಲ್ಕು ಸಲ ಕೇಳಿದೆ. ಮಗಳು ಬಂದು ಏನಮ್ಮ ಅಂದಳು, ಅವಳಿಗೂ ಕೇಳಿಸಿದೆ. ಆಮೇಲೆ ಫೋನನ್ನು ಬಾಯಿ ಹತ್ತಿರ ಹಿಡಿದು ಉತ್ತರ ಕಳಿಸಿದೆ.

"ಇಲ್ಲಿಯೂ ಮಳೆ ಉಟ್ಟು."